ಟರ್ಬೊ ಗಾಡಿಗೆ ಪವರ್ ಏರಿಸುವ ಟ್ಯೂನಿಂಗ್: ಮಾಡಿಸಬೇಕೆ, ಬೇಡವೆ?

ಹೊನ್ನೂರು, ಕೆಸ್ತೂರು ಕಡೆ ಈಗ ಎತ್ತಿನ ಗಾಡಿ ಹುಡುಕಬೇಕು, ಪಿಕಪ್ ಗಾಡಿ ಬೀದಿಗೊಂದು ಇದೆ. ಬಾಳೆ, ತರಕಾರಿ, ತೆಂಗಿನಕಾಯಿ ಮೈಸೂರಿಗೆ ಹೋಗುವುದು ಇದರಲ್ಲೇ. ಬಿಡುವಿದ್ದಾಗ ಬಾಡಿಗೆಗೂ ಓಡುತ್ತದೆ. ಇವುಗಳಲ್ಲಿ ಹೆಚ್ಚಿನವು ಟರ್ಬೊ ಡೀಸೆಲ್ ಎಂಜಿನ್ನಿನವು. ಈ ಗಾಡಿಗಳಿಗೆ ಪವರ್ ಏರಿಸಿಕೊಡುತ್ತೇವೆ ಎನ್ನುವವರು ಈಚೆಗೆ ಕಾಣಿಸಿಕೊಂಡಿದ್ದಾರೆ. ಲ್ಯಾಪ್‌ಟಾಪ್ ತರುತ್ತಾರೆ, ಗಾಡಿಗೆ ವೈರು ಸಿಕ್ಕಿಸುತ್ತಾರೆ, ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೆ ಟ್ಯೂನಿಂಗ್ ಅಥವಾ ರೀಮ್ಯಾಪ್ ಎಂದು ಹೆಸರು. ಕಾಲುಭಾಗ ಹೆಚ್ಚು ಎಳೆಯುತ್ತದೆ, ಮೈಲೇಜೂ ಬರುತ್ತದೆ ಎಂಬುದು ಅವರ ಮಾತು.

ದುಡ್ಡು ಕೊಡುವ ಮೊದಲು ರೈತರು ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಟರ್ಬೊ ಮಾಡುವ ಕೆಲಸ

ಕುಲುಮೆಗೆ ತಿದಿ ಇದ್ದ ಹಾಗೆ ಎಂಜಿನ್ನಿಗೆ ಟರ್ಬೊ. ಸುಮ್ಮನೆ ಹೊರಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲ್ ಉರಿಸಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಈ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಅದನ್ನು ಕಾಯುವುದು ಎಂಜಿನ್ ಆಯಿಲಿನ ತೆಳ್ಳನೆಯ ಪದರ ಮಾತ್ರ.

ಹಿಂದೆ ಎಷ್ಟು ಡೀಸೆಲ್ ಹೋಗಬೇಕೆಂದು ತೀರ್ಮಾನಿಸುತ್ತಿದ್ದುದು ಪಂಪು. ಬೆಂಗಳೂರಿನ ಮೈಕೋ ಪಂಪು ಯಾರಿಗೆ ಗೊತ್ತಿಲ್ಲ? 1951ರಲ್ಲಿ ಶುರುವಾದ ಆ ಕಂಪನಿಗೆ 2008ರಿಂದ ಬಾಷ್ ಎಂದೇ ಹೆಸರು. ಆಗೆಲ್ಲ ಪವರ್ ಬೇಕೆಂದವರು ಪಂಪಿನ ಸ್ಕ್ರೂ ತಿರುಗಿಸುತ್ತಿದ್ದರು, ಕಪ್ಪು ಹೊಗೆ ಉಗುಳಿಸಿಕೊಂಡು ಹೋಗುತ್ತಿದ್ದರು. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಆ ಲೆಕ್ಕ ಇಸಿಯು ಎಂಬ ಪುಟ್ಟ ಕಂಪ್ಯೂಟರಿನಲ್ಲಿದೆ. ಎಷ್ಟು ಡೀಸೆಲ್, ಯಾವ ಗಳಿಗೆಯಲ್ಲಿ, ಟರ್ಬೊ ಒತ್ತಡ ಎಷ್ಟು ಎಂಬ ಅಂಕಿಗಳನ್ನು ತಿದ್ದುವುದೇ ಟ್ಯೂನಿಂಗ್. ಎಂಜಿನ್ನಿಗೆ ಹೊಸ ಸಾಮಾನು ಏನೂ ಬೀಳುವುದಿಲ್ಲ.

ಕಂಪನಿಯವರೇ ಯಾಕೆ ಏರಿಸಿಲ್ಲ?

ಪವರ್ ಏರುವುದು ನಿಜ, ಅದರಲ್ಲಿ ಮೋಸವಿಲ್ಲ. ಹಾಗಾದರೆ ಕಂಪನಿಯವರು ಅದನ್ನು ಯಾಕೆ ಉಳಿಸಿಟ್ಟರು? ಏಪ್ರಿಲ್ ಬಿಸಿಲು, ದೂಳು ತುಂಬಿದ ಫಿಲ್ಟರ್, ಕಲಬೆರಕೆ ಡೀಸೆಲ್, ಮಿತಿ ಮೀರಿದ ಲೋಡು, ತಡವಾಗಿ ಬದಲಾಗುವ ಆಯಿಲು, ಇವೆಲ್ಲವನ್ನೂ ಎಂಜಿನ್ ತಾಳಬೇಕು ಎಂದು. ಅದು ಬಿತ್ತನೆಗೆ ಎತ್ತಿಟ್ಟ ಭತ್ತ. ಬೇಯಿಸಿ ಉಣ್ಣಬಹುದು, ಆದರೆ ಮಳೆ ಬಿದ್ದಾಗ ಹೊಲಕ್ಕೆ ಹಾಕುವುದು ಏನನ್ನು?

ಕಾರು ಇಟ್ಟುಕೊಂಡವರು ಟ್ಯೂನಿಂಗ್ ಮಾಡಿಸಿ ಚೆನ್ನಾಗಿದೆ ಅಂದರೆ ಅದು ಸುಳ್ಳಿರಲಾರದು. ಕಾರು ಪೂರ್ತಿ ಪವರ್ ಬಳಸುವುದು ಇನ್ನೊಂದು ಗಾಡಿಯನ್ನು ಹಿಂದೆ ಹಾಕುವ ಐದಾರು ಸೆಕೆಂಡು. ಲೋಡು ಗಾಡಿಯ ಬಾಳೇ ಬೇರೆ. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಹತ್ತುವಾಗ ಅದು ಏರಿನುದ್ದಕ್ಕೂ ದುಡಿಯುತ್ತಲೇ ಇರಬೇಕು. ಹೆಚ್ಚಿಗೆ ಉರಿದ ಡೀಸೆಲ್ಲಿನ ಶಾಖವನ್ನು ಪಿಸ್ಟನ್, ಟರ್ಬೊ, ಹೆಡ್ ಗ್ಯಾಸ್ಕೆಟ್ ಅಷ್ಟೂ ಹೊತ್ತು ಹೊರಬೇಕು. ಕ್ಲಚ್ ಪ್ಲೇಟು, ಗೇರ್ ಬಾಕ್ಸು, ಹಿಂದಿನ ಹೌಸಿಂಗು ಮೊದಲಿನವೇ. ಬ್ರೇಕೂ ಮೊದಲಿನದೇ.

ಬೆಟ್ಟದ ಲೆಕ್ಕ

ಒಂದು ಅಶ್ವಶಕ್ತಿ ಎಂದರೆ 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಬಲ. ಗಾಡಿ, ಲೋಡು ಸೇರಿ 3000 ಕಿಲೋ ಎಂದಿಟ್ಟುಕೊಳ್ಳಿ, ಏರಬೇಕಾದ ಎತ್ತರ 500 ಮೀಟರ್. ಎರಡನ್ನೂ ಗುಣಿಸಿದರೆ 15 ಲಕ್ಷ. ಗಾಳಿ, ಟೈರುಗಳ ತಡೆ ಕಳೆದು ಎತ್ತುವ ಕೆಲಸಕ್ಕೆ 40 ಅಶ್ವಶಕ್ತಿ ಉಳಿದರೆ ಸೆಕೆಂಡಿಗೆ 3000. ಅಂದರೆ 500 ಸೆಕೆಂಡು, ಎಂಟು ನಿಮಿಷ ಚಿಲ್ಲರೆ. ಟ್ಯೂನಿಂಗ್ ಮಾಡಿಸಿ ಇದು 48 ಆದರೆ ಸುಮಾರು 417 ಸೆಕೆಂಡು, ಏಳು ನಿಮಿಷ.

ಉಳಿದದ್ದು 83 ಸೆಕೆಂಡು. ಅದೂ ದಾರಿ ನೆಟ್ಟಗಿದ್ದರೆ ಮಾತ್ರ. ಘಾಟಿಯ ತಿರುವುಗಳಲ್ಲಿ, ಬಸ್ಸಿನ ಹಿಂದೆ, ಅದೂ ಸಿಗುವುದಿಲ್ಲ. ತಿ. ನರಸೀಪುರದ ಮೇಲೆ ಮೈಸೂರಿಗೆ ಹೋಗುವವರಿಗೆ ಬೆಟ್ಟವೇ ಇಲ್ಲ. ಹಳದಿ ಬೋರ್ಡಿನ ಗಾಡಿಗೆ 80 ಕಿ.ಮೀ.ಗೆ ವೇಗ ಕಟ್ಟುವ ಯಂತ್ರವೂ ಇದೆ. ಸತ್ಯಮಂಗಲದ ಕಡೆ ಲೋಡು ಒಯ್ಯುವವರಿಗೆ ದಿಂಬಂನ 27 ತಿರುವುಗಳು ಇಳಿಜಾರು. ಅಲ್ಲಿ ಬೇಕಾದದ್ದು ಪವರ್ ಅಲ್ಲ, ಬ್ರೇಕು.

ಮೈಲೇಜಿನ ಮಾತು

ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಇದೆ. ಎಂಜಿನ್ ಅದರಲ್ಲಿ ಮೂರನೇ ಒಂದು ಭಾಗದಷ್ಟನ್ನು ಕೆಲಸಕ್ಕೆ ಹಾಕುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅದೇ ಲೋಡು, ಅದೇ ದಾರಿ ಎಂದರೆ ಬೇಕಾದ ಕೆಲಸವೂ ಅಷ್ಟೇ. ಮೆಲ್ಲಗೆ ಓಡಿಸಿದರೆ ಅಲ್ಪ ಸ್ವಲ್ಪ ಉಳಿಯಬಹುದು. ಆದರೆ ಪವರ್ ತಗೊಂಡವರು ಮೆಲ್ಲಗೆ ಓಡಿಸುತ್ತಾರೆಯೆ? ಎಳೆಯುತ್ತದೆ ಎಂದು ಇನ್ನೂ ಹತ್ತು ಗೊನೆ ಹೇರುತ್ತಾರೆ. ಮಿತಿ ಮೀರಿದ ಲೋಡಿಗೆ 2019ರ ತಿದ್ದುಪಡಿ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ, ಮೇಲೆ ಹೆಚ್ಚುವರಿ ಟನ್ನಿಗೆ 2,000.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿನ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆರ್‌ಸಿಯ ವಿವರಗಳಲ್ಲಿ ಅಶ್ವಶಕ್ತಿಯೂ ಒಂದು. ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ದಂಡಕ್ಕಿಂತ ದೊಡ್ಡ ಭಯ ಬೇರೆ ಇದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟ ಹಾಗೆ. ವಾರಂಟಿಯ ಗತಿಯೂ ಅಷ್ಟೇ. ಗಾಡಿ ಸಾಲದಲ್ಲಿದ್ದರೆ ಎಂಜಿನ್ ಹೋದರೂ ಕಂತು ಕಟ್ಟಲೇಬೇಕು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಡೀಸೆಲ್ ಹೆಚ್ಚಿಸಿ ಮಸಿ ಹೆಚ್ಚಾದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ಕಿತ್ತುಹಾಕಿ ಎಂದು ಹೇಳುವವರೂ ಇದ್ದಾರೆ. ಅವರ ಮಾತು ಕೇಳಬೇಡಿ.

ಮೊದಲು ಕಳೆದುಹೋದ ಪವರ್ ಹುಡುಕಿ

ಟ್ಯೂನಿಂಗ್ ಬೇಕು ಅನ್ನಿಸುವ ಗಾಡಿಗಳಲ್ಲಿ ಎಷ್ಟೋ ಇದ್ದ ಪವರನ್ನೇ ಕಳೆದುಕೊಂಡಿರುತ್ತವೆ. ನಮ್ಮ ಬೀದಿಯ ಹುಡುಗನೊಬ್ಬ, "ಅಣ್ಣ, ಗಾಡಿ ಏರು ಹತ್ತದಿಲ್ಲ ಕನಾ. ಇಪ್ಪತ್ತೈದು ಸಾವ್ರ ಕೇಳ್ತಾವ್ರ, ಮಾಡ್ಸುಬುಡ್ಲಾ?" ಎಂದು ಕೇಳಿದ. ಬಾನೆಟ್ ಎತ್ತಿ ನೋಡಿದರೆ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪು ಕ್ಲಿಪ್ಪಿನ ಬಳಿ ಸೀಳಿತ್ತು. ಟರ್ಬೊ ಒತ್ತಿದ ಗಾಳಿ ಅಲ್ಲೇ ಸೋರಿಹೋಗುತ್ತಿತ್ತು. ಪೈಪು, ಏರ್ ಫಿಲ್ಟರ್ ಸೇರಿ ಎರಡು ಸಾವಿರದೊಳಗೆ ಕೆಲಸ ಮುಗಿಯಿತು. ಗಾಡಿ ಮೊದಲಿನಂತೆ ಹತ್ತುತ್ತಿದೆ.

ನೋಡಬೇಕಾದದ್ದು ಇಷ್ಟು:

1. ಏರ್ ಫಿಲ್ಟರ್. ಕಬ್ಬು ಕಟಾವಿನ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ಕಟ್ಟಿದ್ದರೆ ಬದಲಿಸಿ.

2. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಪೈಪುಗಳು. ಎಕ್ಸಲೇಟರ್ ಒತ್ತಿದಾಗ 'ಸುಯ್' ಎಂದರೆ ಸೋರಿಕೆ ಇದೆ. ಸಣ್ಣ ವ್ಯಾಕ್ಯೂಮ್ ಪೈಪುಗಳನ್ನೂ ನೋಡಿ.

3. ಡೀಸೆಲ್ ಫಿಲ್ಟರ್. ತಳದಲ್ಲಿ ನಿಂತ ನೀರು ಬಿಡಿ.

4. ಕ್ಲಚ್. ಏರಿನಲ್ಲಿ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ.

5. ಬ್ರೇಕು ಹಿಡಿದುಕೊಂಡಿದೆಯೆ? ಜ್ಯಾಕ್ ಕೊಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಟೈರಿನ ಗಾಳಿಯನ್ನೂ ಅಳೆಸಿ.

6. ಕಪ್ಪು ಹೊಗೆ. ಇದು ಪವರ್ ಅಲ್ಲ, ಉರಿಯದೆ ಹೋದ ಡೀಸೆಲ್ಲು. ಇಂಜೆಕ್ಟರ್, ಇಜಿಆರ್ ವಾಲ್ವು ಪರೀಕ್ಷೆ ಮಾಡಿಸಿ.

ಕೆಟ್ಟ ಗಾಡಿಗೆ ಟ್ಯೂನಿಂಗ್ ಮಾಡಿಸಿದರೆ ರೋಗ ಮುಚ್ಚಿ ಹೋಗುತ್ತದೆ, ವಾಸಿಯಾಗುವುದಿಲ್ಲ. ಟರ್ಬೊ ಬಾಳಿಕೆಗೆ ಇನ್ನೊಂದು ಮಾತು. ಏರು ಹತ್ತಿ ನಿಲ್ಲಿಸಿದ ಕೂಡಲೇ ಕೀ ತಿರುಗಿಸಿ ಆಫ್ ಮಾಡಬೇಡಿ. ಒಂದೆರಡು ನಿಮಿಷ ಸ್ಲೋನಲ್ಲಿ ಬಿಡಿ. ಇಲ್ಲದಿದ್ದರೆ ಬೇರಿಂಗಿನಲ್ಲಿ ನಿಂತ ಆಯಿಲು ಸುಟ್ಟು ಮಸಿಯಾಗುತ್ತದೆ.

ಟ್ರ್ಯಾಕ್ಟರಿಗೂ ಇದೇ ಮಾತು

ಕುಂತೂರಿನ ಕಾರ್ಖಾನೆಗೆ ಕಬ್ಬು ಎಳೆಯುವವರು ಪಂಪಿನ ಸ್ಕ್ರೂ ತಿರುಗಿಸುವುದು ಇವತ್ತಿಗೂ ಉಂಟು. ಎಂಜಿನ್ ಎಳೆದರೂ ಮುಂದಿನ ಚಕ್ರ ಎದ್ದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಬ್ರೇಕೇ ಇಲ್ಲದ ಟ್ರೇಲರು ಇಳಿಜಾರಿನಲ್ಲಿ ಹಿಂದಿನಿಂದ ತಳ್ಳುತ್ತದೆ. ಸತ್ತರೆ ಡ್ರೈವರ್ ಒಬ್ಬನೇ ಸಾಯುವುದಿಲ್ಲ, ಎದುರು ಬರುವ ಬೈಕಿನವರೂ ಸಾಯುತ್ತಾರೆ.

ತೀರ್ಮಾನ

ಗಾಡಿ ಸಾಲದಲ್ಲಿದೆಯೆ? ವಾರಂಟಿ ಉಳಿದಿದೆಯೆ? ಅದರಲ್ಲಿ ಲೋಡು ಹೇರುತ್ತೀರಾ? ಅದು ನಿಂತರೆ ಮನೆಯ ದುಡಿಮೆ ನಿಲ್ಲುತ್ತದೆಯೆ? ಈ ನಾಲ್ಕರಲ್ಲಿ ಒಂದಕ್ಕೆ ಹೌದು ಅಂದರೂ ಟ್ಯೂನಿಂಗ್ ಬೇಡ. ನಾಲ್ಕಕ್ಕೂ ಅಲ್ಲ ಅನ್ನುವ ಸಣ್ಣ ರೈತ ಅಪರೂಪ, ಅವನಿಗೂ ಕಾನೂನು ಅದೇ. ಕಂಪನಿಯ ಸರ್ವೀಸಿನಲ್ಲೇ ಸಾಫ್ಟ್‌ವೇರ್ ಅಪ್‌ಡೇಟ್ ಇದ್ದರೆ ಹಾಕಿಸಿಕೊಳ್ಳಿ, ಅದು ಬೇರೆ. ನಿಜವಾಗಿ ಪವರ್ ಸಾಲದಿದ್ದರೆ ಲೋಡು ಎರಡು ಟ್ರಿಪ್ ಮಾಡಿ. ದಿನಾ ಎರಡು ಟ್ರಿಪ್ ಬೀಳುವುದಾದರೆ ಮುಂದಿನ ಸಲ ದೊಡ್ಡ ಗಾಡಿ ನೋಡಿ. ಟ್ಯೂನಿಂಗ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಬ್ರೇಕ್ ಲೈನರು, ಟೈರು ಹಾಕಿಸಬಹುದು.

ಟ್ಯೂನಿಂಗ್ ಮಾಡಿಸಿ ಲೋಡು ಗಾಡಿ ಓಡಿಸಿದವರು ಓದುಗರಲ್ಲಿದ್ದರೆ ಎಷ್ಟು ಕಿ.ಮೀ. ಓಡಿತು, ಡೀಸೆಲ್ ಎಷ್ಟು, ರಿಪೇರಿ ಖರ್ಚೆಷ್ಟು ಎಂದು ಲೆಕ್ಕ ಸಮೇತ ಪತ್ರಿಕೆಗೆ ಬರೆಯಿರಿ. ಉಳಿದವರಿಗೆ ಉಪಕಾರವಾದೀತು.