ದುಭಾಷಿ ಕೈಕೊಟ್ಟಾಗ: ಹಳೆಯ ಲ್ಯಾಪ್‌ಟಾಪ್ ಮತ್ತು ಗ್ರಾಫಿಕ್ಸ್ ಡ್ರೈವರ್

ಲ್ಯಾಪ್‌ಟಾಪಿನ ಪರದೆಯ ಒಂದೊಂದು ಚುಕ್ಕಿಗೂ ಯಾವ ಬಣ್ಣ ಎಂಬುದನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಬೇಕು. ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕಿಗಳಿರುವ ಪರದೆಯಲ್ಲಿ ಒಟ್ಟು 20,73,600 ಚುಕ್ಕಿಗಳು. ಒಂದು ಚುಕ್ಕಿಯ ಬಣ್ಣಕ್ಕೆ 4 ಬೈಟ್‌ನಂತೆ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ ಬೈಟ್. ಸೆಕೆಂಡಿಗೆ 60 ಸಲ ಚಿತ್ರ ಬದಲಾದರೆ ಹತ್ತಿರಹತ್ತಿರ 50 ಕೋಟಿ ಬೈಟ್. ಮುಖ್ಯ ಪ್ರೊಸೆಸರಿಗೇ ಈ ಹೊರೆ ಹೊರಿಸಿದರೆ ಅದಕ್ಕೆ ಉಳಿದ ಕೆಲಸಗಳಿಗೆ ಪುರಸೊತ್ತಾಗುವುದಿಲ್ಲ. ಅದಕ್ಕೆಂದೇ ಪ್ರತ್ಯೇಕ ಗ್ರಾಫಿಕ್ಸ್ ಚಿಪ್, ಇಲ್ಲವೇ ಪ್ರೊಸೆಸರಿನಲ್ಲೇ ಸೇರಿದ ಗ್ರಾಫಿಕ್ಸ್ ಭಾಗ ಇರುತ್ತದೆ. ಆದರೆ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಆ ಚಿಪ್ಪಿನ ಒಳಗುಟ್ಟು ಅರಿಯದು, ಚಿಪ್ಪಿಗೆ ಅವುಗಳ ಭಾಷೆ ತಿಳಿಯದು. ಇವೆರಡರ ನಡುವೆ ನಿಂತು ಮಾತು ದಾಟಿಸುವ ತಂತ್ರಾಂಶವೇ ಗ್ರಾಫಿಕ್ಸ್ ಡ್ರೈವರ್.

ಇಂಥ ದುಭಾಷಿಗೆ ಹಿಂದಿನ ಕಾಲದ ಹೋಲಿಕೆಯೊಂದಿದೆ. ಹೈದರಾಬಾದ್ ಸಂಸ್ಥಾನದಲ್ಲಿ ಬೀದರ್, ಕಲಬುರಗಿ, ರಾಯಚೂರಿನ ರೈತರ ಅಹವಾಲು ಕನ್ನಡದಲ್ಲಿರುತ್ತಿತ್ತು, ಕಚೇರಿಯ ದಫ್ತರ ಉರ್ದುವಿನಲ್ಲಿ. ಎರಡೂ ಬಲ್ಲವನೊಬ್ಬ ಅರ್ಜಿ ಬರೆದುಕೊಡದಿದ್ದರೆ ಕೆಲಸ ಸಾಗುತ್ತಿರಲಿಲ್ಲ. ಕಚೇರಿಯ ಭಾಷೆ ಬದಲಾದ ಮೇಲೆ ರೈತನೂ ಅದೇ, ಹೊಲವೂ ಅದೇ. ನಡುವಿನವನ ವಿದ್ಯೆ ಮಾತ್ರ ಕೆಲಸಕ್ಕೆ ಬಾರದಾಯಿತು. ಡ್ರೈವರಿನ ಪಾಡೂ ಇಷ್ಟೇ. ಆಪರೇಟಿಂಗ್ ಸಿಸ್ಟಂ ಬದಲಾದಾಗ ಚಿಪ್ಪಿಗೆ ಏನೂ ಆಗಿರುವುದಿಲ್ಲ. ಆದರೂ ಪರದೆ ಮಂಕಾಗುತ್ತದೆ, ವಿಡಿಯೊ ತಡವರಿಸುತ್ತದೆ, ಅಕ್ಷರಗಳು ದಪ್ಪದಪ್ಪಗೆ ಕಾಣುತ್ತವೆ.

ಈ ಪೇಚು ಹೈದರಾಬಾದಿನಲ್ಲಿ ದಿನನಿತ್ಯದ್ದು. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ನಗರದ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬರುತ್ತವೆ. ಅವುಗಳಿಗೆ ಹೆಸರಾದದ್ದು ಸಿಕಂದರಾಬಾದಿನ ಪಾರ್ಕ್ ಲೇನ್. ಅಲ್ಲಿನ ಚೆನಾಯ್ ಟ್ರೇಡ್ ಸೆಂಟರನ್ನು ಜನ ಸಿಟಿಸಿ ಎಂದೇ ಕರೆಯುತ್ತಾರೆ. ಇತ್ತ ಮೈಕ್ರೋಸಾಫ್ಟ್ 1998ರಲ್ಲೇ ನಗರದಲ್ಲಿ ತನ್ನ ಅಭಿವೃದ್ಧಿ ಕೇಂದ್ರ ತೆರೆದಿದೆ. ಎಎಂಡಿ, ಎನ್‌ವಿಡಿಯಾ, ಇಂಟೆಲ್ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳೂ ಇಲ್ಲಿವೆ. ಡ್ರೈವರ್ ಲೋಕದ ನಾಲ್ಕು ದೊಡ್ಡ ಹೆಸರುಗಳೂ ಇರುವ ಊರಿನಲ್ಲೇ ಡ್ರೈವರ್ ಸಿಗದ ಯಂತ್ರಗಳೂ ರಾಶಿ ಬಿದ್ದಿರುತ್ತವೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಇಂಟೆಲ್ ಪ್ರೊಸೆಸರುಗಳ ಪೈಕಿ ವಿಂಡೋಸ್ 11 ಅಧಿಕೃತವಾಗಿ ಒಪ್ಪಿಕೊಳ್ಳುವುದು, ಕೆಲವೇ ಅಪವಾದಗಳನ್ನು ಬಿಟ್ಟರೆ, 8ನೇ ತಲೆಮಾರಿನಿಂದ ಈಚಿನವನ್ನು. ಅದಕ್ಕಿಂತ ಹಳೆಯ ಯಂತ್ರದ ಒಡೆಯರಿಗೆ ಉಳಿಯುವ ದಾರಿ ಮೂರು: ವಿಂಡೋಸ್ 10ರಲ್ಲೇ ಮುಂದುವರಿಯುವುದು, ಯಂತ್ರದ ಅರ್ಹತೆಯ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿಸುವುದು, ಇಲ್ಲವೇ ಲಿನಕ್ಸಿಗೆ ಹೋಗುವುದು. ಮೂರರಲ್ಲೂ ಮೊದಲು ತಕರಾರು ತೆಗೆಯುವುದು ಹೆಚ್ಚಾಗಿ ಗ್ರಾಫಿಕ್ಸೇ.

“ಬೆಂಬಲವಿಲ್ಲ” ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಸಂಗತಿಗಳು ಅಡಗಿವೆ. ಡ್ರೈವರ್ ಎಂದರೆ ಚಿಪ್ ತಯಾರಕರು, ಆಪರೇಟಿಂಗ್ ಸಿಸ್ಟಂನವರು ಮತ್ತು ಲ್ಯಾಪ್‌ಟಾಪ್ ಕಂಪನಿ ಸೇರಿ ಮಾಡಿಕೊಂಡ ಕರಾರು. ಮೂವರಲ್ಲಿ ಒಬ್ಬರು ಕೈಬಿಟ್ಟರೂ ಕರಾರು ಮುರಿಯುತ್ತದೆ, ಆದರೆ ಕೈಬಿಟ್ಟವರು ಯಾರೆಂಬುದರ ಮೇಲೆ ಪರಿಹಾರ ಬೇರೆಯಾಗುತ್ತದೆ. ಲ್ಯಾಪ್‌ಟಾಪ್ ಕಂಪನಿ ಮಾತ್ರ ಕೈಬಿಟ್ಟಿದ್ದರೆ ಚಿಪ್ ತಯಾರಕರ ಡ್ರೈವರ್ ಸಾಕಾಗಬಹುದು. ಚಿಪ್ ತಯಾರಕರೇ ಕೈಬಿಟ್ಟಿದ್ದರೆ ಹಳೆಯ ವಿಂಡೋಸಿಗೆ ಬರೆದ ಡ್ರೈವರನ್ನೇ ಹೊಸದರಲ್ಲಿ ಪ್ರಯತ್ನಿಸಬೇಕು. ಆಪರೇಟಿಂಗ್ ಸಿಸ್ಟಂ ತನ್ನ ನಿಯಮವನ್ನೇ ಬದಲಿಸಿದ್ದರೆ ಅದೂ ನಡೆಯುವುದಿಲ್ಲ. ರಿಪೇರಿಗೆ ಕೂತವರು ಮೊದಲು ಇದನ್ನು ತೀರ್ಮಾನಿಸಿಕೊಳ್ಳದೆ ಸಿಕ್ಕಸಿಕ್ಕ ಕಡತ ಇಳಿಸಿಕೊಳ್ಳುತ್ತ ಹೋಗುವುದರಿಂದಲೇ ಅರ್ಧ ದಿನ ಹಾಳಾಗುತ್ತದೆ.

ವಿಂಡೋಸಿನ ನಿಯಮಗಳು ಹಲವು ಸಲ ಬದಲಾಗಿವೆ. ವಿಂಡೋಸ್ ವಿಸ್ತಾದೊಂದಿಗೆ ಬಂದ ಹೊಸ ಮಾದರಿ ಡ್ರೈವರನ್ನು ಎರಡು ಹೋಳು ಮಾಡಿತು. ಸಣ್ಣ ಹೋಳು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಒಳಗೆ ಕೂತು ಚಿಪ್ಪಿನ ಮೆಮೊರಿಯನ್ನೂ ಕೆಲಸದ ಸರದಿಯನ್ನೂ ನೋಡಿಕೊಳ್ಳುತ್ತದೆ. ದೊಡ್ಡ ಹೋಳು ಹೊರಗೆ, ಆಟ ಅಥವಾ ಬ್ರೌಸರಿನ ಜೊತೆಗೇ ಓಡುತ್ತ, “ಇಲ್ಲೊಂದು ತ್ರಿಕೋನ ಬರೆ” ಎಂಬಂಥ ಅಪ್ಪಣೆಗಳನ್ನು ಚಿಪ್ಪಿನ ಭಾಷೆಗೆ ತಿರುಗಿಸುತ್ತದೆ. ಹೊರಗಿನದು ಬಿದ್ದರೆ ಸಾಮಾನ್ಯವಾಗಿ ಆ ಒಂದು ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ. ಒಳಗಿನದು ಬಿದ್ದರೆ ಇಡೀ ಯಂತ್ರ ನೀಲಿ ಪರದೆ ತೋರಿಸುತ್ತದೆ. ಅದಕ್ಕೂ ಹಿಂದಿನ ವಿಂಡೋಸ್ ಎಕ್ಸ್‌ಪಿ ಕಾಲದ ಮಾದರಿಯನ್ನು ವಿಂಡೋಸ್ 8 ಪೂರ್ತಿ ಕಿತ್ತುಹಾಕಿತು. ವಿಸ್ತಾದಿಂದ ಈಚಿನ ಡ್ರೈವರುಗಳನ್ನು ಇಂದಿನ ವಿಂಡೋಸ್ ಕೂಡ ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. 2011ರ ಇಂಟೆಲ್ ಎಚ್‌ಡಿ 3000 ಚಿಪ್ಪಿಗೆ ಇಂಟೆಲ್ ವಿಂಡೋಸ್ 10ರ ಡ್ರೈವರ್ ಬರೆಯಲೇ ಇಲ್ಲ. ಆದರೂ ಹಿಂದಿನ ಆವೃತ್ತಿಯ ಡ್ರೈವರಿನಲ್ಲಿ ಆ ಲ್ಯಾಪ್‌ಟಾಪುಗಳು ವಿಂಡೋಸ್ 10 ಓಡಿಸುತ್ತ ಬಂದಿರುವುದು ಈ ಸಹನೆಯಿಂದಲೇ.

ಸಹನೆಗೂ ಮಿತಿ ಇದೆ ಎಂಬುದನ್ನು 2017ರ ಕ್ಲೋವರ್ ಟ್ರೇಲ್ ಪ್ರಕರಣ ತೋರಿಸಿತು. 2012ರಲ್ಲಿ ವಿಂಡೋಸ್ 8ರ ಜೊತೆ ಇಂಟೆಲ್‌ನ ಕ್ಲೋವರ್ ಟ್ರೇಲ್ ಬಳಗದ ಆ್ಯಟಂ ಜಡ್2760 ಎಂಬ ಚಿಪ್ ಇದ್ದ ಅಗ್ಗದ ಟ್ಯಾಬ್ಲೆಟ್‌ಗಳೂ ಕೀಲಿಮಣೆ ಕಳಚುವ ಲ್ಯಾಪ್‌ಟಾಪುಗಳೂ ಬಂದಿದ್ದವು. ಅದರ ಗ್ರಾಫಿಕ್ಸ್ ಭಾಗ ಇಂಟೆಲ್‌ನ ಸ್ವಂತದ್ದಲ್ಲ, ಬ್ರಿಟನ್ನಿನ ಇಮ್ಯಾಜಿನೇಷನ್ ಟೆಕ್ನಾಲಜೀಸ್ ಕಂಪನಿಯ ಪವರ್‌ವಿಆರ್. ಕರಾರಿಗೆ ನಾಲ್ಕನೆಯ ಪಾಲುದಾರ! ಅವು ವಿಂಡೋಸ್ 10ಕ್ಕೂ ದಾಟಿಕೊಂಡವು. ಆದರೆ 2017ರ ಏಪ್ರಿಲ್‌ನಲ್ಲಿ ಬಂದ ಕ್ರಿಯೇಟರ್ಸ್ ಅಪ್‌ಡೇಟ್ ಹೊತ್ತಿಗೆ ಹೊಸ ಡ್ರೈವರ್ ಬೇಕಾಗಿತ್ತು, ಇಂಟೆಲ್ ಆ ಚಿಪ್ಪನ್ನು ಕೈಬಿಟ್ಟಾಗಿತ್ತು. ಐಕಾನು, ಅಕ್ಷರಗಳು ಕಾಣದೇ ಹೋಗಬಹುದು ಅಥವಾ ಬರೀ ಬಣ್ಣದ ಪಟ್ಟಿಗಳಾಗಿ ಕಾಣಬಹುದು ಎಂಬ ಎಚ್ಚರಿಕೆ ಹೊರಬಿತ್ತು. ಕೊನೆಗೆ ಮೈಕ್ರೋಸಾಫ್ಟ್ ಆ ಯಂತ್ರಗಳನ್ನು ಹಿಂದಿನ ಆವೃತ್ತಿಯಲ್ಲೇ ನಿಲ್ಲಿಸಿ, 2023ರ ಜನವರಿವರೆಗೆ ಭದ್ರತಾ ತೇಪೆಗಳನ್ನು ಮಾತ್ರ ಕೊಡುವುದಾಗಿ ಒಪ್ಪಿತು. ಯಂತ್ರದ ಹೆಸರೂ ಅದೇ, ವಿಂಡೋಸ್ 10 ಎಂಬ ಹೆಸರೂ ಅದೇ. ಒಳಗೆ ಮಾತ್ರ ಡ್ರೈವರಿನ ಬೆಂಬಲ ಸತ್ತಿತ್ತು.

ಹಾಗಾದರೆ ಮುಂದಿರುವ ಯಂತ್ರದ ಕಥೆ ಯಾವುದು ಎಂದು ತಿಳಿಯುವುದು ಹೇಗೆ? ಡಿವೈಸ್ ಮ್ಯಾನೇಜರ್ ತೆರೆದರೆ ಡಿಸ್‌ಪ್ಲೇ ಅಡಾಪ್ಟರ್ ಎಂಬ ಸಾಲಿನಲ್ಲಿ ಮೊದಲ ಸುಳಿವು ಸಿಗುತ್ತದೆ. ಅಲ್ಲಿ ಇಂಟೆಲ್, ಎನ್‌ವಿಡಿಯಾ ಎಂಬ ಹೆಸರಿನ ಬದಲು “ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್” ಎಂದಿದ್ದರೆ ವಿಂಡೋಸ್ ಯಾವ ಡ್ರೈವರೂ ಒಗ್ಗದೆ ತನ್ನ ಬದಲಿ ಡ್ರೈವರಿನಲ್ಲಿ ಕೆಲಸ ತೂಗಿಸುತ್ತಿದೆ ಎಂದರ್ಥ. ಅದು ಚಿತ್ರ ತೋರಿಸುತ್ತದೆ, ಚಿಪ್ಪಿನಿಂದ ಲೆಕ್ಕ ಮಾಡಿಸುವುದಿಲ್ಲ. ಪರದೆಯ ಬೆಳಕು ಹೆಚ್ಚುಕಡಿಮೆ ಮಾಡಲು ಆಗದಿರುವುದು, ಎಚ್‌ಡಿಎಂಐ ತಂತಿಗೆ ಹಾಕಿದ ಟಿವಿ ಕಾಣದಿರುವುದು, ಯೂಟ್ಯೂಬ್ ನೋಡುವಾಗ ಫ್ಯಾನು ಕಿರುಚುವುದು ಎಲ್ಲಕ್ಕೂ ಕಾರಣ ಇದೇ. ಹೆಸರು ಸರಿಯಾಗಿದ್ದು ಪಕ್ಕದಲ್ಲಿ ಹಳದಿ ತ್ರಿಕೋನ ಇದ್ದರೆ ಒಳಗಿನ ಕೋಡ್ ನೋಡಬೇಕು. 28 ಎಂದರೆ ಡ್ರೈವರ್ ಇಲ್ಲ. 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ನಂಬುತ್ತಿಲ್ಲ. 43 ಎಂದರೆ ತೊಂದರೆ ಇದೆ ಎಂದು ಸಾಧನವೇ ವರದಿ ಮಾಡಿದೆ. ಅದು ಕೆಟ್ಟ ಡ್ರೈವರಿನಿಂದಲೂ ಆಗಬಹುದು, ಸುಟ್ಟ ಚಿಪ್ಪಿನಿಂದಲೂ ಆಗಬಹುದು.

ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತದೆ ಎಂಬ ದೂರು ಬೇರೆ ಜಾತಿಯದು. ಚಿಪ್ ಕೊಟ್ಟ ಕೆಲಸಕ್ಕೆ 2 ಸೆಕೆಂಡಿನೊಳಗೆ ಉತ್ತರಿಸದಿದ್ದರೆ ವಿಂಡೋಸ್ ಅದು ಸಿಕ್ಕಿಹಾಕಿಕೊಂಡಿದೆ ಎಂದು ಬಗೆದು ಡ್ರೈವರನ್ನು ಮತ್ತೆ ಎಬ್ಬಿಸುತ್ತದೆ. ಎಬ್ಬಿಸಲಾಗದಿದ್ದರೆ ನೀಲಿ ಪರದೆ. ಅದರ ಮೇಲೆ ಕಾಣುವ ಕಡತದ ಹೆಸರು “ಎನ್‌ವಿ” ಎಂದು ಶುರುವಾದರೆ ಎನ್‌ವಿಡಿಯಾ, “ಐಜಿಡಿ” ಎಂದಾದರೆ ಇಂಟೆಲ್, “ಎಟಿಐ” ಎಂದಾದರೆ ಎಎಂಡಿ. ಎಟಿಐ ಕಂಪನಿಯನ್ನು ಎಎಂಡಿ 2006ರಲ್ಲೇ ಕೊಂಡಿತು, ಕಡತಗಳಲ್ಲಿ ಹಳೆಯ ಹೆಸರು ಬಹಳ ಕಾಲ ಉಳಿದುಕೊಂಡಿತು.

ಡ್ರೈವರ್ ಹುಡುಕುವಾಗ ಲ್ಯಾಪ್‌ಟಾಪಿನ ಮೇಲಿನ ಸ್ಟಿಕ್ಕರಿಗಿಂತ ಹಾರ್ಡ್‌ವೇರ್ ಗುರುತುಸಂಖ್ಯೆಯೇ ನಂಬಿಗಸ್ತ. ಡಿವೈಸ್ ಮ್ಯಾನೇಜರಿನ ವಿವರಗಳಲ್ಲಿ ಅದು ಸಿಗುತ್ತದೆ. ಮೊದಲ ಭಾಗ ತಯಾರಕರದು: 8086 ಎಂದರೆ ಇಂಟೆಲ್ (ತನ್ನ ಹಳೆಯ ಪ್ರೊಸೆಸರಿನ ಹೆಸರನ್ನೇ ಕಂಪನಿ ಇಟ್ಟುಕೊಂಡಿದೆ), 10ಡಿಇ ಎಂದರೆ ಎನ್‌ವಿಡಿಯಾ, 1002 ಎಂದರೆ ಎಎಂಡಿ. ಎರಡನೆಯದು ಚಿಪ್ಪಿನ ಮಾದರಿ. ಮೂರನೆಯದು ಅದನ್ನು ಯಾವ ಕಂಪನಿ ಯಾವ ಬೋರ್ಡಿನಲ್ಲಿ ಕೂರಿಸಿದೆ ಎಂಬುದು. ಡ್ರೈವರಿನ ಜೊತೆಗಿರುವ ಐಎನ್‌ಎಫ್ ಕಡತ ಒಂದು ಬಗೆಯ ಹಾಜರಿಪಟ್ಟಿ; ಅದರಲ್ಲಿ ಈ ಸಂಖ್ಯೆ ಇಲ್ಲದಿದ್ದರೆ ಇನ್‌ಸ್ಟಾಲರ್ “ಹೊಂದುವ ಹಾರ್ಡ್‌ವೇರ್ ಇಲ್ಲ” ಎಂದು ವಾಪಸು ಕಳಿಸುತ್ತದೆ. ಎಷ್ಟೋ ಸಲ ಚಿಪ್ಪಿಗೆ ಆ ಡ್ರೈವರ್ ಒಗ್ಗುತ್ತದೆ, ಪಟ್ಟಿಯಲ್ಲಿ ಹೆಸರಿಲ್ಲ ಅಷ್ಟೆ. ಪಟ್ಟಿಗೆ ಕೈಯಾರೆ ಹೆಸರು ಸೇರಿಸುವವರಿದ್ದಾರೆ. ಆದರೆ ಕಡತದ ಒಂದಕ್ಷರ ಬದಲಾದರೂ ಡಿಜಿಟಲ್ ಸಹಿ ಮುರಿಯುತ್ತದೆ, 64 ಬಿಟ್ ವಿಂಡೋಸ್ ಸಹಿಯ ತಪಾಸಣೆ ನಿಲ್ಲಿಸದೆ ಅದನ್ನು ಒಳಗೆ ಬಿಡುವುದಿಲ್ಲ. ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರದಲ್ಲಿ ಆ ತಪಾಸಣೆಯನ್ನು ಕಾಯಂ ಆಗಿ ನಿಲ್ಲಿಸುವುದು ಬಾಗಿಲಿನ ಚಿಲಕ ಕಿತ್ತಿಟ್ಟ ಹಾಗೆ. ಜಾಹೀರಾತಿನಲ್ಲಿ ಬರುವ “ಒಂದೇ ಕ್ಲಿಕ್ಕಿಗೆ ಎಲ್ಲ ಡ್ರೈವರ್” ಪ್ರೋಗ್ರಾಂಗಳ ತಂಟೆಗೂ ಹೋಗದಿರುವುದು ಒಳ್ಳೆಯದು. ಬರೆಯದೇ ಇರುವ ಡ್ರೈವರನ್ನು ಅವೂ ತಂದುಕೊಡಲಾರವು.

ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪಿನಲ್ಲಿ ಗೊಂದಲವೂ ಎರಡರಷ್ಟು. ಎನ್‌ವಿಡಿಯಾ 2010ರಲ್ಲಿ ತಂದ ಆಪ್ಟಿಮಸ್ ಏರ್ಪಾಡಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಪರದೆಯ ತಂತಿ ಹೋಗುವುದು ಇಂಟೆಲ್ ಚಿಪ್ಪಿಗೆ. ಎನ್‌ವಿಡಿಯಾ ಚಿಪ್ ಭಾರದ ಚಿತ್ರವನ್ನು ಹಿಂದೆ ಕೂತು ಬರೆದು ಇಂಟೆಲ್‌ನ ಕೈಗೆ ಕೊಡುತ್ತದೆ, ಇಂಟೆಲ್ ಬಡಿಸುತ್ತದೆ. ಹೀಗಾಗಿ ದುಬಾರಿ ಚಿಪ್ಪಿನ ಡ್ರೈವರ್ ಎಷ್ಟೇ ಹೊಸದಾದರೂ ಬಡಿಸುವವರ ಡ್ರೈವರ್ ಕೆಟ್ಟಿದ್ದರೆ ಪ್ರಯೋಜನವಿಲ್ಲ. ಮೊದಲು ಇಂಟೆಲ್‌ನದು, ಆಮೇಲೆ ಎನ್‌ವಿಡಿಯಾದ್ದು ಎಂಬ ಕ್ರಮ ಇದರಿಂದ ಬಂದಿದೆ.

ಹಳೆಯ ಡ್ರೈವರಿನ ಪಳೆಯುಳಿಕೆ ಹೊಸದಕ್ಕೆ ಅಡ್ಡಗಾಲು ಹಾಕುವುದೂ ಉಂಟು. ಇದಕ್ಕೆ ರಿಪೇರಿಯವರು ಬಳಸುವುದು ಡಿಡಿಯು ಎಂಬ ಉಚಿತ ಸಲಕರಣೆ: ಇಂಟರ್‌ನೆಟ್ ಕಡಿದು, ಸೇಫ್ ಮೋಡಿನಲ್ಲಿ ಯಂತ್ರ ತೆರೆದು, ಅದರಿಂದ ಎಲ್ಲವನ್ನೂ ಗುಡಿಸಿ, ಮೊದಲೇ ಇಳಿಸಿಟ್ಟುಕೊಂಡ ಡ್ರೈವರ್ ಹಾಕುತ್ತಾರೆ. ಇಂಟರ್‌ನೆಟ್ ಕಡಿಯುವುದು ಮರೆತರೆ ಮಧ್ಯದಲ್ಲೇ ವಿಂಡೋಸ್ ಅಪ್‌ಡೇಟ್ ತನಗೆ ಸರಿಕಂಡ ಡ್ರೈವರನ್ನು ತಂದು ಕೂರಿಸುತ್ತದೆ.

ಲಿನಕ್ಸಿನಲ್ಲಿ ಕಥೆ ತಿರುವುಮುರುವು. ತಂತ್ರಾಂಶದ ಮೂಲಸಂಕೇತ ಎಲ್ಲರಿಗೂ ತೆರೆದಿರಬೇಕು ಎನ್ನುವ ಸ್ವತಂತ್ರ ತಂತ್ರಾಂಶ ಚಳವಳಿಗಾಗಿ ಹೈದರಾಬಾದಿನ ಸ್ವೇಚ್ಛಾ ಸಂಸ್ಥೆ ವರ್ಷಗಳಿಂದ ದುಡಿಯುತ್ತಿದೆ. ಹಳೆಯ ಲ್ಯಾಪ್‌ಟಾಪುಗಳ ಮಟ್ಟಿಗೆ ಆ ವಾದದ ತೂಕ ಗ್ರಾಫಿಕ್ಸಿನಲ್ಲೇ ಎದ್ದು ಕಾಣುತ್ತದೆ. ಇಂಟೆಲ್ ಮತ್ತು ಎಎಂಡಿ ಡ್ರೈವರುಗಳ ಮೂಲಸಂಕೇತ ತೆರೆದಿರುವುದರಿಂದ ಕಂಪನಿ ಮರೆತ ಚಿಪ್ಪನ್ನು ಬೇರೆಯವರು ನೋಡಿಕೊಳ್ಳಬಹುದು. 2006ರ ಸುಮಾರಿನಿಂದ ಕೆಲವು ವರ್ಷ ಬಂದ ಇಂಟೆಲ್ ಚಿಪ್ಪುಗಳಿಗೆ 2021ರಲ್ಲಿ ಕ್ರೋಕಸ್ ಎಂಬ ಹೊಸ ಡ್ರೈವರ್ ಸೇರಿತು. ವಿಂಡೋಸ್ 10ರ ಡ್ರೈವರ್ ಸಿಗದ ಎಚ್‌ಡಿ 3000 ಕೂಡ ಅದರ ಪಟ್ಟಿಯಲ್ಲಿದೆ. ಎನ್‌ವಿಡಿಯಾ ಮಾತ್ರ ಇಲ್ಲಿ ಕಗ್ಗಂಟು. ಫರ್ಮಿ ತಲೆಮಾರಿನ ಚಿಪ್ಪುಗಳಿಗೆ ಅದರ 390ನೇ ಡ್ರೈವರ್ ಸರಣಿ ಕೊನೆ, ಆಮೇಲಿನ ಕೆಪ್ಲರ್ ತಲೆಮಾರಿಗೆ 470. ಸರಣಿ ನಿಂತ ಮೇಲೆ ಲಿನಕ್ಸ್ ಕರ್ನಲ್ ಹೊಸದಾದಂತೆ ಆ ಡ್ರೈವರ್ ಅದಕ್ಕೆ ಜೋಡಣೆಯಾಗದೆ ಕಪ್ಪು ಪರದೆ ಉಳಿಯುತ್ತದೆ. ಆಗ ಬೂಟ್ ಸಾಲಿಗೆ “ನೋಮೋಡ್‌ಸೆಟ್” ಎಂಬ ಪದ ಸೇರಿಸಿ ಒಳಹೊಕ್ಕು, ಕಂಪನಿಯ ಡ್ರೈವರ್ ತೆಗೆದು, ಆ ಪದವನ್ನೂ ಅಳಿಸಿ, ನೂವೋ ಎಂಬ ಮುಕ್ತ ಡ್ರೈವರಿಗೆ ಮರಳಬಹುದು. ಕಂಪನಿಯ ನೆರವಿಲ್ಲದೆ ಚಿಪ್ಪಿನ ನಡವಳಿಕೆ ಗಮನಿಸುತ್ತಲೇ ಬರೆದ ಈ ಡ್ರೈವರ್ 2010ರಲ್ಲಿ ಕರ್ನಲ್ ಸೇರಿತು. ಆದರೆ 2014ರ ಕೊನೆಯಿಂದ ಬಂದ ಮ್ಯಾಕ್ಸ್‌ವೆಲ್ ಚಿಪ್ಪುಗಳು ಕಂಪನಿಯ ಸಹಿ ಇರುವ ಫರ್ಮ್‌ವೇರನ್ನಷ್ಟೇ ಒಪ್ಪುತ್ತವೆ. ಅದು ಸಿಗದ ಕಾರಣ ಆ ಚಿಪ್ಪುಗಳ ವೇಗವನ್ನು ನೂವೋ ಏರಿಸಲಾರದು. ಚಿತ್ರ ಬರುತ್ತದೆ, ಕುಂಟುತ್ತ ಬರುತ್ತದೆ.

ಇಷ್ಟೆಲ್ಲ ಮಾಡುವ ಮೊದಲೇ ನೋಡಬೇಕಾದದ್ದು ಒಂದಿದೆ. ಯಂತ್ರ ಹೊತ್ತಿಸಿದ ಕೂಡಲೇ, ಕಂಪನಿಯ ಲಾಂಛನ ಬರುವಾಗ ಅಥವಾ ಬಯೋಸ್ ಪುಟದಲ್ಲೇ ಗೆರೆಗಳು, ಚೌಕಗಳು ಕಂಡರೆ ಡ್ರೈವರಿಗೂ ಅದಕ್ಕೂ ಸಂಬಂಧವಿಲ್ಲ. ಆ ಹೊತ್ತಿಗೆ ಡ್ರೈವರ್ ಇನ್ನೂ ಎದ್ದೇ ಇರುವುದಿಲ್ಲ. ಅದು ಕೇಬಲ್ಲಿನ, ಪರದೆಯ ಅಥವಾ ಚಿಪ್ಪಿನ ದೋಷ. ಲ್ಯಾಪ್‌ಟಾಪಿಗೆ ಹೊರಗಿನ ಮಾನಿಟರ್ ಜೋಡಿಸಿ ನೋಡಬೇಕು: ಅಲ್ಲಿ ಚಿತ್ರ ಶುಭ್ರವಾಗಿದ್ದರೆ ಕೇಬಲ್ ಅಥವಾ ಪರದೆ, ಅಲ್ಲೂ ಗೆರೆ ಇದ್ದರೆ ಬಹುಶಃ ಚಿಪ್. ಚಿಪ್ಪು ಪದೇಪದೇ ಬಿಸಿಯಾಗಿ ತಣ್ಣಗಾಗುವಾಗ ಅದರ ಅಡಿಯ ಬೆಸುಗೆಯ ಸೂಕ್ಷ್ಮ ಉಬ್ಬುಗಳು ಬಿರುಕು ಬಿಡುತ್ತವೆ. ಇಂಥದ್ದೇ ದೋಷಕ್ಕೆ ಎನ್‌ವಿಡಿಯಾ 2008ರ ಜುಲೈನಲ್ಲಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸಬೇಕಾಗಿ ಬಂದಿತ್ತು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಧೂಳು ಕಟ್ಟಿದ ಫ್ಯಾನಿನ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಓಡಿಸಿದರೆ ಬಿರುಕಿಗೆ ಅವಸರ ಹೆಚ್ಚು. “ಚಿಪ್ ಲೆವೆಲ್ ಸರ್ವಿಸ್” ಎಂಬ ಫಲಕವಿರುವ ಅಂಗಡಿಗಳಲ್ಲಿ ಚಿಪ್ಪನ್ನು ಎಬ್ಬಿಸಿ ಹೊಸ ಬೆಸುಗೆ ಗುಂಡುಗಳ ಮೇಲೆ ಕೂರಿಸುವ ರೀಬಾಲಿಂಗ್ ಮಾಡುತ್ತಾರೆ. ಬಿರುಕು ಬೋರ್ಡಿಗೂ ಚಿಪ್ಪಿಗೂ ನಡುವೆ ಇದ್ದರೆ ಅದು ಹಿಡಿಯುತ್ತದೆ. ಚಿಪ್ಪಿನ ಪ್ಯಾಕೇಜಿನ ಒಳಗೇ ಇದ್ದರೆ ಬಿಸಿಗೆ ಕೆಲವು ವಾರ ಬದುಕಿದಂತೆ ಕಂಡು, ಅದೇ ಗೆರೆಗಳು ಮರಳುತ್ತವೆ.