ಎರಡು ಪದವಿಗಳ ನಡುವೆ ಸಂಶೋಧನ ಪತ್ರಿಕೆಗಳ ಲಭ್ಯತೆ

ಸ್ನಾತಕೋತ್ತರ ಪದವಿ ಮುಗಿದು ಪಿಎಚ್.ಡಿ. ನೋಂದಣಿಯಾಗುವವರೆಗೆ ಅಭ್ಯರ್ಥಿಯು ಯಾವ ಸಂಸ್ಥೆಗೂ ಸೇರಿರುವುದಿಲ್ಲ. ಗ್ರಂಥಾಲಯದ ಲಾಗಿನ್ ರದ್ದಾಗಿರುತ್ತದೆ. ಸಂಶೋಧನ ಪ್ರಸ್ತಾವವನ್ನು ಬರೆಯಬೇಕಾದುದು ಆ ಅವಧಿಯಲ್ಲಿಯೇ. ಕಾಸರಗೋಡು, ಅಕ್ಕಲಕೋಟೆಗಳ ಕನ್ನಡ ವಿದ್ಯಾರ್ಥಿಗೆ ತೊಡಕು ಇಮ್ಮಡಿ: ದೊಡ್ಡ ಕನ್ನಡ ಗ್ರಂಥಾಲಯಗಳೂ ಗಡಿಯಾಚೆಗಿವೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟವು ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದೊರೆಯುತ್ತವೆ. ಆದರೆ ಈ ಸೌಲಭ್ಯವು ಸಂಸ್ಥೆಯ ಮೂಲಕ ಮಾತ್ರ. ಪದವಿ ಪಡೆದು ಹೊರಬಂದವರು ಅದರ ವ್ಯಾಪ್ತಿಗೆ ಬರುವುದಿಲ್ಲ.

ಅಂಥವರಿಗೂ ಕೆಲವು ನ್ಯಾಯಸಮ್ಮತ ದಾರಿಗಳಿವೆ. ಜೆಸ್ಟೋರ್‌ನಲ್ಲಿ ಉಚಿತ ವೈಯಕ್ತಿಕ ಖಾತೆ ತೆರೆದವರು ತಿಂಗಳಿಗೆ 100 ಲೇಖನಗಳನ್ನು ಅಂತರಜಾಲದಲ್ಲಿಯೇ ಓದಬಹುದು. ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳನ್ನು, ಕನ್ನಡದವನ್ನೂ ಒಳಗೊಂಡು, ಶೋಧಗಂಗಾ ಎಲ್ಲರಿಗೂ ತೆರೆದಿಟ್ಟಿದೆ. ಲೇಖನದ ಮುಕ್ತ ಪ್ರತಿ ಬೇರೆಡೆ ಇದ್ದರೆ ಅನ್‌ಪೇವಾಲ್ ಅದನ್ನು ತೋರಿಸಿಕೊಡುತ್ತದೆ. ಲೇಖಕರಿಗೆ ನೇರವಾಗಿ ಪತ್ರ ಬರೆದರೆ ಪ್ರತಿ ಕಳುಹಿಸುವವರೂ ಉಂಟು.

ಇವೆಲ್ಲವೂ ವ್ಯಕ್ತಿಯ ಪ್ರಯತ್ನಕ್ಕೆ ಬಿಟ್ಟವು. ಗ್ರಂಥಾಲಯಕ್ಕೆ ಖುದ್ದಾಗಿ ಬಂದ ಹೊರಗಿನ ಓದುಗರು ಅಲ್ಲಿನ ಗಣಕದಲ್ಲಿ ಓದಲು ಹಲವು ಪ್ರಕಾಶಕರ ಪರವಾನಗಿಗಳು ಅವಕಾಶ ಕೊಡುತ್ತವೆ. ಗಡಿನಾಡಿನ ಕನ್ನಡ ವಿಭಾಗಗಳು ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ಅಂತಹ ಪ್ರವೇಶಪತ್ರವನ್ನು ಕೊಡಿಸಿದರೆ, ಮುಂದಿನ ಸಂಶೋಧಕರು ನಡುದಾರಿಯಲ್ಲಿ ಕೈಬಿಟ್ಟುಹೋಗಲಾರರು.