ಕ್ಷಯ ಚಿಕಿತ್ಸೆಗೆ ನಮ್ಮ ನಗರದ ಕೊಡುಗೆ

ತಾಂಬರಕ್ಕೆ ಹೋಗುವ ವಿದ್ಯುತ್ ರೈಲಿನಲ್ಲಿ, ಆ ಊರಿಗೆ ಒಂದು ನಿಲ್ದಾಣ ಮೊದಲು ‘ಸ್ಯಾನಟೋರಿಯಂ’ ಎಂಬ ಫಲಕ ಕಾಣುತ್ತದೆ. ನಮ್ಮಲ್ಲಿ ಅನೇಕರು ಅದನ್ನು ಒಂದು ಊರಿನ ಹೆಸರೆಂದೇ ಬಗೆದಿದ್ದೇವೆ. ವಾಸ್ತವವಾಗಿ ಅದು ಅಲ್ಲಿನ ಕ್ಷಯರೋಗಿಗಳ ಆರೋಗ್ಯಧಾಮದಿಂದ ಬಂದ ಹೆಸರು.

ಕ್ಷಯಕ್ಕೆ ಔಷಧವೇ ಇಲ್ಲದಿದ್ದ ಕಾಲದಲ್ಲಿ ಯುರೋಪಿನ ವೈದ್ಯರು ರೋಗಿಗಳನ್ನು ಬೆಟ್ಟದ ಮೇಲಿನ ಆರೋಗ್ಯಧಾಮಗಳಿಗೆ ಕಳುಹಿಸುತ್ತಿದ್ದರು. ಶುದ್ಧ ವಾಯು, ಪುಷ್ಟಿಕರ ಆಹಾರ, ವಿಶ್ರಾಂತಿ, ಇವೇ ಚಿಕಿತ್ಸೆ. 1952ರ ಹೊತ್ತಿಗೆ ಐಸೋನಿಯಾಜಿಡ್ ಎಂಬ ಅಗ್ಗದ ಮಾತ್ರೆ ಬಂದರೂ ಹಳೆಯ ಪದ್ಧತಿ ಒಡನೆಯೇ ಅಳಿಯಲಿಲ್ಲ. ಅಲ್ಲಿ ಹಾಸಿಗೆಗಳಿದ್ದವು, ಅವಸರವೇನು? ಮದರಾಸಿನ ಸ್ಥಿತಿ ಬೇರೆ. ಇಲ್ಲಿ ಹಾಸಿಗೆಗಳಿಗಿಂತ ರೋಗಿಗಳು ಎಷ್ಟೋ ಪಾಲು ಹೆಚ್ಚು. ಕೂಲಿಯವನು ವರ್ಷವಿಡೀ ಆರೋಗ್ಯಧಾಮದಲ್ಲಿ ಮಲಗಿದರೆ ಅವನ ಮನೆಯಲ್ಲಿ ಒಲೆ ಉರಿಯುವುದೆಂತು? ಗುಡಿಸಲಿನಲ್ಲಿದ್ದುಕೊಂಡೇ ರೋಗಿ ಗುಣಹೊಂದಬಲ್ಲನೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಬೇಕೇ ಬೇಕಾಗಿತ್ತು.

ಆ ಉತ್ತರಕ್ಕಾಗಿ 1956ರಲ್ಲಿ ಚೇತ್‌ಪಟ್‌ನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವೊಂದು ಸ್ಥಾಪಿತವಾಯಿತು. ಭಾರತದ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಗಳು, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಮದರಾಸು ಸರಕಾರ ಇದಕ್ಕೆ ಕೈಜೋಡಿಸಿದವು. ಬ್ರಿಟನ್ನಿನಿಂದ ಬಂದ ಡಾ. ವಾಲೇಸ್ ಫಾಕ್ಸ್ ಅವರು ಮೊದಲ ವರ್ಷಗಳಲ್ಲಿ ಕಾರ್ಯವನ್ನು ನಡೆಸಿದರು. ನಗರದ ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ಆರೋಗ್ಯಧಾಮಕ್ಕೆ ಹೋಯಿತು, ಇನ್ನೊಂದು ಮನೆಯಲ್ಲಿಯೇ ಉಳಿಯಿತು. ಔಷಧ ಇಬ್ಬರಿಗೂ ಒಂದೇ, ಅವಧಿ ಒಂದು ವರ್ಷ. ಮನೆಯವರು ವಾರಕ್ಕೊಮ್ಮೆ ಬಂದು ಔಷಧವನ್ನು ಒಯ್ಯಬೇಕು. ಸಿಬ್ಬಂದಿಯವರು ಮುನ್ಸೂಚನೆಯಿಲ್ಲದೆ ಮನೆಗೇ ಹೋಗಿ ಉಳಿದ ಮಾತ್ರೆಗಳನ್ನು ಎಣಿಸಿ ಬರುತ್ತಿದ್ದರು!

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರೋಗ್ಯಧಾಮದವರಿಗೆ ಊಟವೂ ವಿಶ್ರಾಂತಿಯೂ ಹೆಚ್ಚು ದೊರೆತಿದ್ದರೂ, ಗುಣಹೊಂದುವುದರಲ್ಲಿ ಎರಡು ಗುಂಪುಗಳಿಗೂ ಹೆಚ್ಚಿನ ಅಂತರವಿರಲಿಲ್ಲ. ಮನೆಯ ಮಕ್ಕಳಿಗೆ ರೋಗ ಅಂಟೀತೆಂಬ ಭಯವಿತ್ತಷ್ಟೆ? ರೋಗಿಯನ್ನು ಮನೆಯಲ್ಲಿಟ್ಟುಕೊಂಡವರಿಗೆ ಅದರಿಂದ ಅಪಾಯ ಹೆಚ್ಚಲಿಲ್ಲ. ತಾಯಿಗೆ ಕ್ಷಯವೆಂದು ತಿಳಿದರೆ ಮಗು ಅವಳನ್ನು ಅಗಲಬೇಕಾಗಿಲ್ಲವೆಂದು ಆಗ ಧೈರ್ಯವಾಗಿ ಹೇಳಬಹುದಾಯಿತು.

ಈ ಜ್ಞಾನ ಹಳ್ಳಿಗಳಿಗೆ ಹರಿಯಬೇಕಷ್ಟೆ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಸಂಶೋಧಕರು ತುಮಕೂರು ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ವಿಚಾರಿಸಿದರು. ಹಳ್ಳಿಯವರು ಕೆಮ್ಮನ್ನು ಅಲಕ್ಷಿಸುತ್ತಾರೆಂದು ವಿದ್ಯಾವಂತರ ಎಣಿಕೆ. ಆದರೆ 1963ರಲ್ಲಿ ಪ್ರಕಟವಾದ ವರದಿಯಂತೆ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಬಹುತೇಕರು ಕೆಮ್ಮಿನ ಔಷಧದ ಸೀಸೆಯೊಂದಿಗೆ ಹಿಂದಿರುಗಿದ್ದರು. ಅಜ್ಞಾನ ಯಾರದೆಂಬುದನ್ನು ವಾಚಕರೇ ಊಹಿಸಲಿ. ಮದರಾಸಿನ ಮನೆಚಿಕಿತ್ಸೆ, ತುಮಕೂರಿನ ಈ ಅನುಭವ ಎರಡನ್ನೂ ಆಧರಿಸಿ 1962ರಿಂದ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕ್ಷಯವನ್ನು ಪರೀಕ್ಷಿಸಿ ಔಷಧ ಕೊಡುವ ರಾಷ್ಟ್ರೀಯ ಯೋಜನೆ ರೂಪುಗೊಂಡಿತು.

ಚೇತ್‌ಪಟ್‌ನ ಆ ಕೇಂದ್ರ ಇಂದು ರಾಷ್ಟ್ರೀಯ ಕ್ಷಯರೋಗ ಸಂಶೋಧನ ಸಂಸ್ಥೆಯೆಂಬ ಹೆಸರಿನಿಂದ ಅಲ್ಲಿಯೇ ಕೆಲಸ ಮಾಡುತ್ತಿದೆ.